ಅರ್ಧ ಮುಖದ ಆಟ

ನನ್ನ ಮುಖದ ಎಡಭಾಗ ಕೆಲಸ ನಿಲ್ಲಿಸಿದ ದಿನ ನಮ್ಮ ಒಂದನೇ ತರಗತಿಯ ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವರದೇನೂ ತಪ್ಪಿಲ್ಲ. ಮುಖ ಸೊಟ್ಟ ಮಾಡುವುದು ನನಗೆ ದಿನನಿತ್ಯದ ಕೆಲಸವಾಗಿತ್ತು. ಕಮಲಾಪುರದ ಸರ್ಕಾರಿ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದೇನೆ. ಎಮ್ಮೆ ಮೆಲುಕು ಹಾಕುವ ಮುಖ, ಹುಣಸೆಕಾಯಿ ಕಚ್ಚಿದ ಮುಖ, ತುಂಬಿದ ಬಸ್ಸಿನಲ್ಲಿ ಸಿಕ್ಕಿಕೊಂಡ ಕಂಡಕ್ಟರನ ಮುಖ, ಬಂದೇಬಿಟ್ಟಿತು ಎನ್ನುವಾಗ ಸೀನು ಬಾರದೆ ಹೋದ ಮುಖ, ಹೀಗೆ ನನ್ನಲ್ಲಿ ಒಂದು ದೊಡ್ಡ ಗಂಟೇ ಇತ್ತು. ಒಂದು ಸಾಲು ಚೆನ್ನಾಗಿ ಬರೆದರೆ ಒಂದು ಮುಖ ಎಂಬುದು ನಮ್ಮ ತರಗತಿಯ ಕರಾರು.

ಇದು ಬರೀ ಕೆಲಸಕ್ಕೆ ಹಾಕಿದ ವೇಷವೂ ಅಲ್ಲ. ನಾನು ಇರುವುದೇ ಹಾಗೆ. ನಲವತ್ತಾರು ವರ್ಷವಾದರೂ ಬಸ್ಸಿನ ಕಿಟಕಿ ಸೀಟಿಗಾಗಿ ಓಡುತ್ತೇನೆ. ಕಲಬುರಗಿಯಿಂದ ಕಮಲಾಪುರ ಮುಟ್ಟುವಷ್ಟರಲ್ಲಿ ಎಷ್ಟು ಬಿಳಿ ಎತ್ತು ಕಂಡವೆಂದು ಎಣಿಸಿ ನನ್ನೊಂದಿಗೆ ನಾನೇ ಪಂದ್ಯ ಕಟ್ಟುತ್ತೇನೆ. ಶಾಲೆಯ ಹತ್ತಿರ ಕೆಂಪು ಬಾಳೆಹಣ್ಣಿನ ಗಾಡಿ ನಿಂತಿದ್ದರೆ, ಇಷ್ಟು ವರ್ಷವಾದರೂ, ಇದಕ್ಕೆ ಈ ಬಣ್ಣ ಎಲ್ಲಿಂದ ಬಂತಪ್ಪಾ ಎಂದು ಒಂದು ಗಳಿಗೆ ನಿಂತು ನೋಡುತ್ತೇನೆ. ಮನೆಯಲ್ಲಿ ಇದಕ್ಕೆಲ್ಲ ಒಂದೇ ಹೆಸರು, ಮಂಗ್ಯಾನಾಟ.

ಆ ದಿನ ಬೆಳಿಗ್ಗೆ ಕಲಬುರಗಿಯ ಅಂಚಿನ ಕೋಟನೂರಿನ ನಮ್ಮ ಮನೆಯಲ್ಲಿ ಬಾಯಿ ಮುಕ್ಕಳಿಸುವಾಗ ನೀರು ತುಟಿಯ ಎಡಗಡೆಯಿಂದ ಸೋರಿತು. ನಿದ್ದೆಗಣ್ಣು ಅಂದುಕೊಂಡೆ. ಕಿವಿಯ ಹಿಂದೆ ಎರಡು ದಿನದಿಂದ ನೋವಿತ್ತು, ಚಳಿಗಾಲದ ಗಾಳಿ ಅಂದುಕೊಂಡೆ. ತರಗತಿಗೆ ಹೋಗಿ ಹಾಜರಿ ಕರೆಯಲು ಬಾಯಿ ತೆರೆದದ್ದೇ ತಡ, ಮುಂದಿನ ಸಾಲಿನ ಆಫ್ರೀನ್ ಕಣ್ಣರಳಿಸಿ ಕೇಳಿದಳು, "ಇದು ಯಾರ ಮುಖರಿ ಟೀಚರ್?" ಆಫ್ರೀನ್ ಎಂದರೆ ಯಾವುದನ್ನೂ ಕೇಳದೆ ಬಿಡದ ಹುಡುಗಿ. ಹೊಸ ಮುಖವೆಂದು ಇಡೀ ತರಗತಿ ಕೇಕೆ ಹಾಕಿತು. ನಾನಿನ್ನೂ ಯಾವ ಮುಖವನ್ನೂ ಮಾಡಿರಲಿಲ್ಲ. ಆದರೂ ಮಕ್ಕಳ ಮುಂದೆ ಸೋಲಬಾರದಲ್ಲ, ಎಮ್ಮೆಯ ಸೋದರಮಾವನ ಮುಖ ಎಂದುಬಿಟ್ಟೆ.

ಮಧ್ಯಾಹ್ನ ಊಟದ ಹೊತ್ತಿಗೆ ಸಾರು ಸೀರೆಯ ಮೇಲೆ ಚೆಲ್ಲಿತು. ಜೊತೆಯ ಶಿಕ್ಷಕಿಯರೂ ನಕ್ಕರು. ಮೇಡಂ, ಉಣ್ಣುವಾಗಲಾದರೂ ಸುಮ್ಮನೆ ಕೂಡ್ರಿ ಅಂದರು. ಎದ್ದು ಹೋಗಿ ಕೈ ತೊಳೆಯುವಲ್ಲಿದ್ದ ಸಣ್ಣ ಕನ್ನಡಿಯಲ್ಲಿ ನೋಡಿಕೊಂಡೆ. ಬಾಯಿ ಬಲಕ್ಕೆ ಎಳೆದಿತ್ತು. ಎಡಗಣ್ಣು ಮುಚ್ಚಲು ನೋಡಿದೆ, ರೆಪ್ಪೆ ಅರ್ಧಕ್ಕೆ ನಿಂತಿತು.

ಇಲ್ಲಿ ನಾನು ಮಾಡಿದ್ದನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ನಾನು ಆಗಲೇ ದವಾಖಾನೆಗೆ ಹೋಗಬೇಕಿತ್ತು. ಹೋಗಲಿಲ್ಲ. ತರಗತಿಗೆ ವಾಪಸ್ ಹೋಗಿ ಶಾಲೆ ಬಿಡುವ ತನಕ ಅದೇ ಮುಖದಲ್ಲಿ ಮಕ್ಕಳನ್ನು ನಗಿಸಿದೆ. ಅವರು ನಗುತ್ತಿರುವ ತನಕ ಅದು ಆಟ, ನಿಲ್ಲಿಸಿದರೆ ರೋಗ ಎಂದು ಒಳಗೆಲ್ಲೋ ಅನ್ನಿಸಿತ್ತು. ಅಷ್ಟು ಹೆದರಿದ್ದೆ. ಇದನ್ನು ಓದುತ್ತಿರುವ ಯಾರಿಗಾದರೂ ಹೀಗೆ ಮುಖ ವಾಲಿದರೆ ದಯವಿಟ್ಟು ಒಂದು ಗಂಟೆಯೂ ಕಾಯಬೇಡಿ.

ಸಂಜೆ ನಮ್ಮ ಮನೆಯವರು ನೆಹರು ಗಂಜಿನ ಮಾರುಕಟ್ಟೆಯಿಂದ ಬಂದರು. ಅವರದು ತೊಗರಿ ವ್ಯಾಪಾರ. ಹಂಗಾಮಿನ ದಿನಗಳು, ತಲೆಯ ಮೇಲೆ, ಹುಬ್ಬಿನ ಮೇಲೆ ತೊಗರಿಯ ದೂಳು. ಮುಖ ಯಾಕೋ ಹಿಂಗಾಗಿದೆ ನೋಡ್ರಿ ಅಂದೆ. ಅವರು ಒಮ್ಮೆ ನೋಡಿ ಚಪ್ಪಲಿ ಬಿಡುತ್ತಾ ಅಂದರು, "ಸಾಕು ಬಿಡು. ಮಗಳು ಮದುವಿಗಿ ಬಂದಾಳ, ನಿಂದಿನ್ನಾ ಮಂಗ್ಯಾನಾಟ ಮುಗಿಯಲಿಲ್ಲ." ಖರೇನ ಆಗ್ಯಾದ್ರಿ ಅಂದೆ. ಇನ್ನೂ ಚೆನ್ನಾಗಿ ಮಾಡುತ್ತಿದ್ದೀಯ ಎನ್ನುವವರ ಹಾಗೆ ಕೈ ಆಡಿಸಿ ಒಳಗೆ ಹೋದರು. ಇಪ್ಪತ್ತೆರಡು ವರ್ಷ ಆ ಮನುಷ್ಯನನ್ನು ಎಷ್ಟು ಸಲ ಹೀಗೆ ಏಮಾರಿಸಿದ್ದೆನೋ ಲೆಕ್ಕವಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಮುಖವಿರಲಿಲ್ಲ.

ನಂಬಿದವರು ನಮ್ಮ ಅತ್ತೆ. ನನ್ನ ಬಾಯಿಯಿಂದ ಚಹಾ ಇಳಿಯುವುದನ್ನು ನೋಡಿ ಹತ್ತಿರ ಬಂದು ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. "ಲಕ್ವಾ ಹೊಡದದ," ಅಂದರು. ಆಮೇಲೆ ಮೆಲ್ಲಗೆ, ಬಯ್ಗುಳವಲ್ಲ ಎನ್ನುವ ಧ್ವನಿಯಲ್ಲಿ, ಅಷ್ಟು ಮುಖ ಆಡಿಸಬ್ಯಾಡ ಅಂತ ಹೇಳತಿದ್ದೆ, ಕೇಳಲಿಲ್ಲ ನೀ, ಅಂದರು. ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು. ಓದಿದವಳು ನಾನು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ದೇಹ ಕೈಕೊಟ್ಟಾಗ ಓದು ಎಷ್ಟು ದೂರ ನಿಂತುಬಿಡುತ್ತದೆ ಎಂದು ಆ ದಿನ ಗೊತ್ತಾಯಿತು.

ಲಕ್ವಾಕ್ಕೆ ಸೊಪ್ಪಿನ ರಸ ಕೊಡುವವರು ಅತ್ತೆಯ ತವರಿನ ಕಡೆಯ ಹಳ್ಳಿಯಲ್ಲಿದ್ದರು. ಮರುದಿನ ಅಲ್ಲಿಗೆ ಹೋದೆವು. ಮೂಗಿಗೆ ರಸ ಹಿಂಡಿದರು, ತಲೆಗೂ ಗದ್ದಕ್ಕೂ ಸೇರಿಸಿ ಬಟ್ಟೆ ಕಟ್ಟಿದರು. ಮೂರು ದಿನ ಗಾಳಿ ಬೆಳಕು ತಾಗಬಾರದು, ಯಾರಿಗೂ ಮುಖ ತೋರಿಸಬಾರದು, ನಗಬಾರದು. ಕೋಟನೂರಿನ ಮನೆಯ ಹಿಂದಿನ ಕೋಣೆಯಲ್ಲಿ, ಜೋಳದ ಚೀಲಗಳ ನಡುವೆ, ಆ ಮೂರು ದಿನ ಕಳೆದೆ. ಅತ್ತೆ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತಂದು ತಿನ್ನಿಸುತ್ತಿದ್ದರು. ಎಡದವಡೆಯಲ್ಲಿ ಸಿಕ್ಕಿದ ತುತ್ತನ್ನು ಬೆರಳಿಂದ ತೆಗೆಯಬೇಕಿತ್ತು. ಅದನ್ನೂ ಅವರೇ ತೆಗೆದರು, ಒಮ್ಮೆಯೂ ಅಸಹ್ಯಪಡದೆ. ಆ ಔಷಧದ ಮೇಲೆ ನನಗೀಗ ಸಿಟ್ಟಿದೆ. ಅತ್ತೆಯ ಮೇಲೆ ಇಲ್ಲ.

ಐದನೆಯ ದಿನ ಎಡಗಣ್ಣು ಕೆಂಡದಂತಾಯಿತು. ಮುಚ್ಚದ ಕಣ್ಣು, ಒಣಗಿ ಹೋಗಿತ್ತು. ಆಗ ಮನೆಯವರು ಯಾರ ಮಾತೂ ಕೇಳದೆ ಗಾಡಿ ತೆಗೆದರು. ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರು ಹಣೆ ಸುಕ್ಕು ಮಾಡಿ ಅಂದರು, ಹಲ್ಲು ತೋರಿಸಿ ಅಂದರು, ಗಲ್ಲ ಉಬ್ಬಿಸಿ ಅಂದರು. ನಾನು ಮೂರರಲ್ಲೂ ನಪಾಸಾದೆ. ಮೆದುಳಿಗೆ ಏನೂ ಆಗಿಲ್ಲ, ಮುಖದ ನರವೊಂದು ಊದಿಕೊಂಡಿದೆ, ಜೀವಕ್ಕೆ ಭಯವಿಲ್ಲ ಎಂದರು. ನಾನು ಕೂತಲ್ಲೇ ಅತ್ತುಬಿಟ್ಟೆ. ಬಲಗಣ್ಣು ಮಾತ್ರ ಸರಿಯಾಗಿ ಅತ್ತಿತು. ಯಾವತ್ತು ಶುರುವಾಯಿತು ಎಂದು ಕೇಳಿದರು. ಹೇಳಿದೆವು. ಡಾಕ್ಟರು ಪೆನ್ನು ಕೆಳಗಿಟ್ಟರು. "ಮೊದಲ ಮೂರು ದಿನದಾಗ ಗುಳಿಗಿ ಸುರು ಮಾಡಿದ್ರ ಛಲೋ ಇತ್ತು. ಈಗ ನೋಡೂಣು, ಎಷ್ಟು ಬರ್ತದ ಅಷ್ಟು." ಮನೆಯವರು ಮೇಜಿನ ಅಂಚನ್ನು ಹಿಡಿದುಕೊಂಡರು.

ಆಮೇಲಿನದು ಕಾಯುವ ಕೆಲಸ. ಹಗಲು ಕಪ್ಪು ಕನ್ನಡಕ, ಗಂಟೆಗೊಮ್ಮೆ ಕಣ್ಣಿಗೆ ಹನಿ. ಮಲಗುವಾಗ ರೆಪ್ಪೆ ಮುಚ್ಚಿ ಮೇಲೆ ಟೇಪು ಅಂಟಿಸಬೇಕು. ಅದನ್ನು ಮನೆಯವರು ತಾವಾಗಿಯೇ ವಹಿಸಿಕೊಂಡರು. ತೊಗರಿ ಕಾಳನ್ನು ಅಂಗೈಯಲ್ಲಿ ಹೊರಳಿಸಿ ಗುಣ ಹೇಳುವ ಬೆರಳುಗಳು ಅವರವು. ಒಂದು ರೆಪ್ಪೆಕೂದಲೂ ಸಿಕ್ಕಿಬೀಳದಂತೆ ಟೇಪು ಹಚ್ಚುತ್ತಿದ್ದರು. ಒಮ್ಮೆ ಹಚ್ಚುತ್ತಲೇ ಅಂದರು, "ಆವತ್ತ ನಾ ನಿನ್ನ ಮಾತ ನಂಬಲಿಲ್ಲ." ನಾನು, ನಂಬುವ ಹಾಗೆ ನಾನೆಲ್ಲಿ ಇದ್ದೆನ್ರಿ ಅಂದೆ.

ಮುಖಕ್ಕೆ ವ್ಯಾಯಾಮ ಮಾಡಿಸುವ ಕೇಂದ್ರಕ್ಕೆ ವಾರದಲ್ಲಿ ಮೂರು ದಿನ ಹೋಗುತ್ತಿದ್ದೆ. ಅಲ್ಲಿ ಹೇಳಿಕೊಡುವುದೇನು? ಸೀಟಿ ಹೊಡೆಯಿರಿ, ಗಲ್ಲ ಉಬ್ಬಿಸಿರಿ, ಮೂಗು ಮುರಿಯಿರಿ, ಬಲೂನು ಊದಿರಿ. ಇಷ್ಟು ವರ್ಷ ಯಾವುದಕ್ಕೆ ಬೈಸಿಕೊಂಡಿದ್ದೆನೋ ಅದನ್ನೇ ಈಗ ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ದಿನಕ್ಕೆ ನಾಲ್ಕು ಸಲ, ಕನ್ನಡಿಯ ಮುಂದೆ. ನಗು ಬರಬೇಕಿತ್ತು. ಬರಲಿಲ್ಲ. ಬಲೂನಿಗೆ ಬಾಯಿ ಹಚ್ಚಿದರೆ ಗಾಳಿ ಎಡಗಡೆಯಿಂದ ಪುಸ್ ಎಂದು ಹೋಗುತ್ತಿತ್ತು. ಕನ್ನಡಿಯಲ್ಲಿದ್ದವಳು ನನ್ನ ಮಾತು ಕೇಳುತ್ತಿರಲಿಲ್ಲ. ಆಟವೆನ್ನುವುದು ಗುಳಿಗೆಯ ಹಾಗೆ ಹೊತ್ತುಹೊತ್ತಿಗೆ ನುಂಗುವ ವಸ್ತುವಾದ ಮೇಲೆ ಅದರಲ್ಲಿ ಆಟ ಉಳಿದಿರಲಿಲ್ಲ.

ಆ ಕೇಂದ್ರದ ಬೆಂಚಿನ ಮೇಲೆ ಪರಿಚಯವಾದವರು ಹಮೀದ್ ಚಾಚಾ. ಮೋಮಿನಪುರದ ದರ್ಜಿ, ಅರವತ್ತು ದಾಟಿದವರು. ಅವರಿಗೂ ಇದೇ ಕಾಯಿಲೆ, ಬಲಗಡೆ. ಐವತ್ತು ವರ್ಷ ದಾರವನ್ನು ತುಟಿಯಲ್ಲಿ ಹಿಡಿದು ಸೂಜಿ ಪೋಣಿಸಿದವರು, ಈಗ ದಾರ ಜಾರಿ ಬೀಳುತ್ತದೆ ಎಂದು ತೋರಿಸಿದರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಅಂದರು, "ನಿಮ್ದು ಎಡಗಡಿ ಹೋಗ್ಯಾದ, ನಂದು ಬಲಗಡಿ. ಇಬ್ಬರದೂ ಜೋಡಿಸಿ ಹೊಲದ್ರ ಒಂದ್ ಪೂರಾ ಮುಖ ಆಗ್ತದ ಟೀಚರಮ್ಮಾ." ಬೆಂಚಿನವರೆಲ್ಲ ನಕ್ಕರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದೆ. ನಕ್ಕರೆ ಸೊಟ್ಟ ಇನ್ನೂ ಹೆಚ್ಚಾಗಿ ಕಾಣುತ್ತದೆ. ಸುಮ್ಮನಿದ್ದರೆ ಅಷ್ಟು ಕಾಣುವುದಿಲ್ಲ. ಹೀಗಾಗಿ ಸುಮ್ಮನಿರುವುದನ್ನು ಕಲಿತಿದ್ದೆ.

ಮೂರು ವಾರ ಕಳೆದ ಮೇಲೆ ರಜೆ ಮುಂದುವರಿಸುವ ಕಾಗದ ಕೊಡಲು ಶಾಲೆಗೆ ಹೋದೆ. ನನ್ನ ತರಗತಿಯ ಮಕ್ಕಳು ಅಂಗಳದಲ್ಲಿ ಬಿಸಿಯೂಟಕ್ಕೆ ಸಾಲು ನಿಂತಿದ್ದರು. ಟೀಚರ್ ಎಂದು ಓಡಿ ಬರುತ್ತಾರೆ ಅಂದುಕೊಂಡಿದ್ದೆ. ನಾನು ಕನ್ನಡಕ ತೆಗೆದೆ. ಒಬ್ಬಳು ಅಳುತ್ತಾ ಅಡುಗೆಯವರ ಹಿಂದೆ ಹೋದಳು. ಉಳಿದವರು ತಟ್ಟೆ ನೋಡುತ್ತಾ ನಿಂತರು. ಆಫ್ರೀನ್ ಕೂಡ ತಲೆ ಎತ್ತಲಿಲ್ಲ.

ಮುಖ್ಯಗುರುಗಳು ಒಳ್ಳೆಯವರು. ಕುರ್ಚಿ ಎಳೆದು ಕೂರಿಸಿ, ವಾಪಸ್ ಬಂದ ಮೇಲೆ ಆರು ಮತ್ತು ಏಳನೇ ತರಗತಿ ತೆಗೆದುಕೊಳ್ಳಿ ಅಂದರು. ದೊಡ್ಡ ಮಕ್ಕಳು ಪುಸ್ತಕ ನೋಡುತ್ತವೆ, ನಿಮ್ಮ ಮುಖ ನೋಡುವುದಿಲ್ಲ ಅಂದರು. ಒಳ್ಳೆಯ ಮನಸ್ಸಿಂದಲೇ ಹೇಳಿದ ಮಾತು. ನಾನು ಆಗಲಿ ಅಂದೆ. ಅಂದದ್ದಷ್ಟೇ ಅಲ್ಲ, ನನಗೆ ಹಗುರವಾಯಿತು. ಇನ್ನು ಯಾರಿಗೂ ಮುಖ ಮಾಡಿ ತೋರಿಸಬೇಕಾಗಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿ ಸೀಟು ಖಾಲಿ ಇತ್ತು, ನಾನು ಈಚೆಯ ಸೀಟಿನಲ್ಲಿ ಕೂತೆ. ಎತ್ತು ಎಣಿಸಲಿಲ್ಲ. ನನ್ನೊಳಗೆ ಆಡುತ್ತಿದ್ದವಳು ಇದ್ದದ್ದೇ ಈ ಮುಖದ ಚರ್ಮದಲ್ಲಿ, ಅದು ಹೋದ ಮೇಲೆ ಅವಳೂ ಹೋದಳು ಎಂದು ನನಗೆ ಖಾತ್ರಿಯಾಗಿತ್ತು. ರೋಗಕ್ಕಿಂತ ಆ ಖಾತ್ರಿಯೇ ನನ್ನನ್ನು ಹೆಚ್ಚು ಹೆದರಿಸಿತು.

ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಅತ್ತೆ, ಇನ್ನಾದರೂ ಗಂಭೀರವಾಗಿ ಇರುತ್ತಾಳೆ ಎಂದು ನೆರೆಮನೆಯವರಿಗೆ ಹೇಳಿದರಂತೆ. ಖುಷಿಯಾಗದೆ ಇದ್ದವರು ಮನೆಯವರೊಬ್ಬರೇ. ಒಂದು ಭಾನುವಾರ ನಾನು ಕನ್ನಡಿಯ ಮುಂದೆ ಗಲ್ಲ ಉಬ್ಬಿಸಲು ಹೆಣಗುತ್ತಿದ್ದಾಗ ಅವರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ, ಗಂಜಿನಲ್ಲಿ ಎಲ್ಲರೂ ಸಾಹುಕಾರ ಎಂದು ಕರೆಯುವ ಆ ಮನುಷ್ಯ, ಕನ್ನಡಿಯನ್ನು ನೋಡುತ್ತಾ ಎರಡೂ ಗಲ್ಲ ಉಬ್ಬಿಸಿದರು. ಹತ್ತು ಎಣಿಸಿ ಬಿಟ್ಟರು. ಮೂಗು ಮುರಿದರು. ಹುಬ್ಬು ಹಾರಿಸಿದರು. ಒಂದೂ ಸರಿಯಾಗಿ ಬರಲಿಲ್ಲ. ನನ್ನನ್ನು ಬಿಟ್ಟರೆ ಇಷ್ಟು ಕೆಟ್ಟದಾಗಿ ಮುಖ ಮಾಡುವವರನ್ನು ನಾನು ನೋಡಿರಲಿಲ್ಲ. "ನಿನಗ ಬರೂ ತನಕ ನಾ ಮಾಡ್ತಿರ್ತೀನಿ," ಅಂದರು. ದಿನಾ ಮಾಡಿದರು, ಬಾಗಿಲು ಹಾಕಿಕೊಂಡು, ತಮ್ಮ ಅವ್ವನಿಗೆ ಕೇಳಿಸದ ಹಾಗೆ.

ಎರಡೂವರೆ ತಿಂಗಳಿಗೆ ಕಣ್ಣು ಮುಚ್ಚಲು ಬಂತು. ಹಣೆಯಲ್ಲಿ ಒಂದು ಗೆರೆ ಮೂಡಿತು. ಗಲ್ಲ ಮತ್ತು ತುಟಿಯ ಮೂಲೆ ಬರಲಿಲ್ಲ. ಡಾಕ್ಟರು ಇನ್ನು ನಿಧಾನ ಅಂದರು. ನಿಧಾನ ಎಂದರೆ ಎಷ್ಟು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಶಾಲೆಗೆ ಹೋದೆ. ಆರನೇ ತರಗತಿಗೆ ಸಮಾಜ ಪಾಠ. ದೊಡ್ಡ ಮಕ್ಕಳು ನಿಜಕ್ಕೂ ಪುಸ್ತಕ ನೋಡಿದರು. ಗೋಡೆಯ ಆಚೆ ಒಂದನೇ ತರಗತಿ. ಮೊದಲ ವಾರ ಏನೋ ಕೊರತೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಎರಡನೆಯ ವಾರ ತಿಳಿಯಿತು. ಆ ಕಡೆಯಿಂದ ಓದು ಕೇಳುತ್ತಿತ್ತು, ಜಗಳ ಕೇಳುತ್ತಿತ್ತು, ಟೀಚರ್ ಮೂತ್ರಕ್ಕೆ ಹೋಗ್ಲೇನ್ರಿ ಎನ್ನುವುದು ಕೇಳುತ್ತಿತ್ತು. ನಗು ಒಂದು ಕೇಳುತ್ತಿರಲಿಲ್ಲ.

ಮರುದಿನ ಒಂದನೇ ತರಗತಿಯ ಟೀಚರ್ ರಜೆ ಹಾಕಿದ್ದರು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ನಾನೇ ಹೋಗಬೇಕಾಯಿತು. ಬಾಗಿಲಲ್ಲಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತೆ, ಅದೂ ಮೊಣಕಾಲೆತ್ತರದ ಮಕ್ಕಳ ಮುಂದೆ. ಮಕ್ಕಳು ಎದ್ದು ನಮಸ್ತೆ ಹೇಳಿ ಕೂತರು. ಎಲ್ಲರ ಕಣ್ಣೂ ಪಾಟಿಯ ಮೇಲೆ. ಯಾಕೆ ಯಾರೂ ನನ್ನ ನೋಡುತ್ತಿಲ್ಲ ಎಂದು ಕೇಳಿದೆ. ಕೊನೆಗೆ ಆಫ್ರೀನ್ ನೆಲ ನೋಡುತ್ತಲೇ ಹೇಳಿದಳು, "ನಾವು ನಗಂಗಿಲ್ರಿ ಟೀಚರ್."

"ಯಾಕವಾ?"

"ಆವತ್ತ ನಾವು ನಕ್ಕಿದ್ದಕ್ಕ ನಿಮ್ಮ ಮುಖ ಹಂಗೇ ನಿಂತದಂತ. ಎಲ್ಲಾರೂ ಅಂತಾರ. ಮತ್ತ ನಕ್ರ ಆ ಕಡೀದೂ ಹೋಗ್ತದಂತ."

ಮಕ್ಕಳ ನಡುವೆ ನೆಲದ ಮೇಲೆ ಕೂತೆ. ಹತ್ತಿರ ಹತ್ತಿರ ಮೂರು ತಿಂಗಳು ಆರು ವರ್ಷದ ಜೀವಗಳು ನನ್ನ ಕಾಯಿಲೆಯನ್ನು ತಮ್ಮ ತಲೆಯ ಮೇಲೆ ಹೊತ್ತು ನಗು ತಡೆದುಕೊಂಡಿದ್ದವು. ಅಂಗಳದಲ್ಲಿ ತಟ್ಟೆ ನೋಡುತ್ತಾ ನಿಂತದ್ದು ನನ್ನ ಮುಖಕ್ಕೆ ಹೆದರಿ ಅಲ್ಲ, ನನಗಾಗಿ ಹೆದರಿ. ಆ ದಿನ ಕನ್ನಡಿ ನೋಡಿದ ಮೇಲೂ ಅವರನ್ನು ನಗಿಸಿದವಳು ನಾನು. ಅದು ನಿಮ್ಮಿಂದ ಆದದ್ದಲ್ಲ, ನನಗೆ ಜಡ್ಡಾಗಿತ್ತು, ಡಾಕ್ಟರು ಹೇಳಿದ್ದಾರೆ ಎಂದೆಲ್ಲ ಹೇಳಿದೆ. ತಲೆ ಆಡಿಸಿದರು. ನಂಬಲಿಲ್ಲ ಎಂದು ಗೊತ್ತಾಗುತ್ತಿತ್ತು.

ಹೇಳಿ ನಂಬಿಸುವ ಮಾತಲ್ಲ ಇದು. ಎಮ್ಮೆಯ ಮುಖ ಮಾಡಿದೆ. ಮಾಡುವ ಮುಂಚೆ, ಅತ್ತೆಯ ಮಾತು ನಿಜವಿದ್ದರೆ ಎಂಬ ಅಂಜಿಕೆ ನನ್ನೊಳಗೂ ಬಂದು ಹೋಯಿತು, ಸುಳ್ಳು ಹೇಳುವುದಿಲ್ಲ. ಬಲಗಡೆಯ ದವಡೆ ಮೆಲುಕು ಹಾಕಿತು. ಎಡಭಾಗ ತನಗೆ ಸಂಬಂಧವಿಲ್ಲ ಎನ್ನುವ ಹಾಗೆ ಸುಮ್ಮನಿತ್ತು. ಒಂದು ಮಗುವೂ ನಗಲಿಲ್ಲ. ಆಫ್ರೀನ್ ಎದ್ದು ಹತ್ತಿರ ಬಂದು ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಈಗ ವಾಪಸ್ ಮಾಡ್ರಿ."

ಮಾಡಿದೆ.

"ಇನ್ನೊಮ್ಮೆ."

ಮೂರು ಸಲ ಮಾಡಿಸಿದಳು. ಆಮೇಲೆ ತರಗತಿಯ ಕಡೆ ತಿರುಗಿ, "ವಾಪಸ್ ಬರ್ತದ," ಎಂದು ವರದಿ ಒಪ್ಪಿಸಿದಳು. ಮಕ್ಕಳು ಒಬ್ಬೊಬ್ಬರಾಗಿ ಹತ್ತಿರ ಸರಿದರು. ಅವಳಿಗಿನ್ನೂ ಪೂರ್ತಿ ಸಮಾಧಾನವಾಗಿರಲಿಲ್ಲ. ಎಡಗಲ್ಲವನ್ನು ನೋಡುತ್ತಾ, ಇದು ಯಾಕೆ ಸುಮ್ಮನಿದೆ ಎಂದು ಕೇಳಿದಳು. ಅದಕ್ಕೆ ಬರುವುದಿಲ್ಲ ಅಂದೆ. ಯಾವಾಗ ಬರುತ್ತದೆ ಎಂದಳು.

"ಬರ್ತದೋ ಇಲ್ಲೋ ಗೊತ್ತಿಲ್ಲವಾ," ಅಂದೆ. ಡಾಕ್ಟರಿಗಾಗಲಿ ಮನೆಯವರಿಗಾಗಲಿ ಹೇಳಲಾಗದ ಮಾತನ್ನು ಆ ಹುಡುಗಿಗೆ ಹೇಳಿದ್ದೆ.

ಅವಳು ಬಳಪದ ಪುಡಿ ಹತ್ತಿದ ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು. ಆ ಬೆರಳನ್ನು ನನ್ನ ಎಡಗಲ್ಲದ ಮೇಲಿಟ್ಟು ಮೆಲ್ಲಗೆ ಮೇಲೆ ತಳ್ಳಿದಳು. "ನೀವು ಆ ಕಡಿ ಮಾಡ್ರಿ. ಈ ಕಡಿ ನಾ ಮಾಡ್ತೀನಿ."

ನಾನು ಬಲಗಡೆ ಮೆಲುಕು ಹಾಕಿದೆ. ಅವಳು ಎಡಗಡೆಯನ್ನು ಬೆರಳಿಂದ ಮೇಲೆ ಕೆಳಗೆ ಆಡಿಸಿದಳು. ಇಬ್ಬರ ಲಯ ಕೂಡಲಿಲ್ಲ, ಎಮ್ಮೆಗೆ ಹಲ್ಲುನೋವು ಬಂದಂತಾಯಿತು. ಹಿಂದೆ ಯಾರೋ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದರು. ಎಲ್ಲರೂ ಗಾಬರಿಯಿಂದ ನನ್ನ ಮುಖ ನೋಡಿದರು. ಮುಖಕ್ಕೆ ಏನೂ ಆಗಲಿಲ್ಲ. ಮತ್ತೊಬ್ಬಳು ನಕ್ಕಳು. ಆಮೇಲೆ ತಡೆಯುವವರು ಯಾರೂ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಎರಡೂ ಕಣ್ಣಲ್ಲಿ.

ಆರನೇ ತರಗತಿ ಬೇಡ, ನನ್ನ ಮಕ್ಕಳನ್ನು ನನಗೇ ಕೊಡಿ ಎಂದು ಮುಖ್ಯಗುರುಗಳಿಗೆ ಆಗಲೇ ಹೋಗಿ ಹೇಳಬೇಕೆನ್ನಿಸಿತು. ಊಟದ ಗಂಟೆಯೂ ಹೊಡೆಯಿತು. ಆದರೆ ಎದ್ದು ಹೋಗುವ ಹಾಗಿರಲಿಲ್ಲ. ಆಫ್ರೀನಳ ಹಿಂದೆ ಇಪ್ಪತ್ತೊಂದು ಮಕ್ಕಳು ಬೆರಳು ಒರೆಸಿಕೊಳ್ಳುತ್ತಾ ತಮ್ಮ ಸರದಿಗೆ ಸಾಲು ನಿಂತಿದ್ದರು.